ಎಂಟನೇ ಕ್ಲಾಸಿಗೇ ಎಚ್ಚರವಾಗಿ: ಬೆಂಗಳೂರಿನ ಸರ್ಕಾರಿ ಹೈಸ್ಕೂಲು ಮಕ್ಕಳಿಗೆ ಮೆರಿಟ್ ಸ್ಕಾಲರ್‌ಶಿಪ್ ಪಡೆಯುವ ದಾರಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. "ಸಾರ್, ಮಗಳು 580 ತೆಗೆದಿದ್ದಾಳೆ. ಸರ್ಕಾರಿ ಸ್ಕೂಲು. ಏನಾದ್ರೂ ಸ್ಕಾಲರ್‌ಶಿಪ್ ಸಿಗುತ್ತಾ?" ಕೇಳುವವರು ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವವರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವವರು, ಆಟೊ ಓಡಿಸುವವರು. "ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಬರೆದಿದ್ದಳಾ?" ಅಂತ ನಾನು ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದೇನ್ ಸಾರ್ ಅದು?"

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಲೆ ನಾನು ಮಾಡುತ್ತಿರುವ ಕೆಲಸ ಇದೊಂದೇ. ನಮ್ಮ ಏರಿಯಾದ ಮಕ್ಕಳಿಗೆ ಅರ್ಜಿ ತುಂಬಿಸುವುದು, ಆಗಿರುವ ತಪ್ಪು ತಿದ್ದಿಸುವುದು. ಅಷ್ಟು ಅಂಕ ತೆಗೆದ ಮಗುವಿನ ತಂದೆಗೆ, "ದೊಡ್ಡದೊಂದು ಬಸ್ಸು ಎರಡು ವರ್ಷದ ಹಿಂದೆಯೇ ಹೋಯಿತು" ಅಂತ ಹೇಳುವಾಗ ನನಗೂ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಈ ಬರಹವನ್ನು ಎಸ್ಸೆಸ್ಸೆಲ್ಸಿ ರಿಸಲ್ಟಿನಿಂದ ಶುರು ಮಾಡದೆ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಿಂದ ಶುರು ಮಾಡುತ್ತಿದ್ದೇನೆ.

ಎಂಟನೇ ಕ್ಲಾಸು: ಎನ್‌ಎಂಎಂಎಸ್ ಪರೀಕ್ಷೆ

ಎನ್‌ಎಂಎಂಎಸ್ ಅಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್, ಓದಿನಲ್ಲಿ ಮುಂದಿದ್ದು ಮನೆಯಲ್ಲಿ ಅನುಕೂಲ ಕಡಿಮೆ ಇರುವ ಮಕ್ಕಳಿಗಾಗಿ ಇರುವ ವಿದ್ಯಾರ್ಥಿವೇತನ. ದುಡ್ಡು ಕೇಂದ್ರ ಸರ್ಕಾರದ್ದು, ಪರೀಕ್ಷೆ ನಡೆಸಿ ಆಯ್ಕೆ ಮಾಡುವುದು ರಾಜ್ಯ. 2008ರಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ ಇತ್ತು. 2017ರ ಏಪ್ರಿಲ್‌ನಿಂದ 1,000 ಆಗಿದೆ. ಒಂಬತ್ತನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000 ರೂಪಾಯಿ. ಇಡೀ ದೇಶದಲ್ಲಿ ವರ್ಷಕ್ಕೆ 1 ಲಕ್ಷ ಮಕ್ಕಳಿಗೆ ಕೊಡುತ್ತಾರೆ, ಅದರಲ್ಲಿ ಕರ್ನಾಟಕದ ಪಾಲು 5,534. ಆ ಪಾಲನ್ನೂ ಜಿಲ್ಲಾವಾರು ಹಂಚುತ್ತಾರೆ. ಅಂದರೆ ನಿಮ್ಮ ಮಗು ಪೈಪೋಟಿಗೆ ಇಳಿಯುವುದು ತನ್ನ ಜಿಲ್ಲೆಯ ಮಕ್ಕಳ ಜೊತೆ. ರಾಜ್ಯಕ್ಕೆಲ್ಲ ಹೆದರಬೇಕಾಗಿಲ್ಲ.

ಯಾರು ಬರೆಯಬಹುದು? ಸರ್ಕಾರಿ, ಅನುದಾನಿತ ಅಥವಾ ಪಾಲಿಕೆಯಂಥ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಎಂಟನೇ ಕ್ಲಾಸು ಓದುತ್ತಿರಬೇಕು. ಏಳನೇ ಕ್ಲಾಸಿನಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 50 ಸಾಕು. ತಂದೆ ತಾಯಿಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ಕೇಂದ್ರೀಯ ವಿದ್ಯಾಲಯ, ನವೋದಯ, ಊಟ ವಸತಿ ಕೊಡುವ ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಇದು ಇಲ್ಲ. ಖಾಸಗಿ ಶಾಲೆಯವರಿಗೂ ಇಲ್ಲ, ಆರ್‌ಟಿಇ ಸೀಟಾದರೂ ಅಷ್ಟೆ.

ಇಷ್ಟು ಸರಳ ಇರುವಾಗ ಯಾಕೆ ಕೈತಪ್ಪುತ್ತದೆ? ನನಗೆ ಕಂಡ ಕಾರಣ ನಮ್ಮ ಶಾಲೆಗಳ ಜೋಡಣೆಯಲ್ಲೇ ಇದೆ. ನಮ್ಮಲ್ಲಿ ಬಹಳಷ್ಟು ಮಕ್ಕಳು ಏಳನೇ ಕ್ಲಾಸು ಮುಗಿಸಿ ಟಿಸಿ ತೆಗೆದುಕೊಂಡು ಎಂಟಕ್ಕೆ ಹೈಸ್ಕೂಲಿಗೆ ಬರುತ್ತಾರೆ. ಹಳೆಯ ಮೇಷ್ಟ್ರಿಗೆ ಆ ಮಗು ಜಾಣ ಅಂತ ಗೊತ್ತು, ಆದರೆ ಮಗು ಈಗ ಅವರ ಬಳಿ ಇಲ್ಲ. ಹೊಸ ಮೇಷ್ಟ್ರಿಗೆ ಇನ್ನೂ ಹೆಸರೇ ಬಾಯಿಗೆ ಬಂದಿರುವುದಿಲ್ಲ. ಅಷ್ಟರಲ್ಲಿ ಎನ್‌ಎಂಎಂಎಸ್ ಸುತ್ತೋಲೆ ಬರುತ್ತದೆ, ಕೊನೆಯ ದಿನಾಂಕವೂ ಬರುತ್ತದೆ. ಹೈಸ್ಕೂಲಿನ ಮೇಷ್ಟ್ರುಗಳ ಗಮನವೆಲ್ಲ ಹತ್ತನೇ ಕ್ಲಾಸಿನ ಪರ್ಸೆಂಟೇಜ್ ಮೇಲೆ. ನಾನೂ ಹಾಗೇ ಇದ್ದವನು, ಬೇರೆಯವರನ್ನು ದೂರಿ ಏನು ಪ್ರಯೋಜನ.

ಹಾಗಾಗಿ ನಿಮ್ಮ ಮೊದಲ ಕೆಲಸ: ಮಗು ಎಂಟಕ್ಕೆ ಸೇರಿದ ತಿಂಗಳಲ್ಲೇ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹಿಡಿದುಕೊಂಡು ಎಚ್‌ಎಂ ಬಳಿ ಹೋಗಿ. "ನಮ್ಮ ಮಗುವಿನ ಕೈಲಿ ಎನ್‌ಎಂಎಂಎಸ್ ಬರೆಸಬೇಕು ಸಾರ್, ಹೆಸರು ಬರೆದಿಟ್ಟುಕೊಳ್ಳಿ" ಅನ್ನಿ. ಅರ್ಜಿಯನ್ನು ನೀವು ಸೈಬರ್ ಸೆಂಟರಿನಲ್ಲಿ ಹಾಕಲು ಬರುವುದಿಲ್ಲ. ಮಲ್ಲೇಶ್ವರದಲ್ಲಿರುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಶಾಲೆಯ ಲಾಗಿನ್ ಮೂಲಕವೇ ಅದು ಹೋಗಬೇಕು. ದಸರಾ ರಜೆಗೆ ಮೊದಲು ಒಮ್ಮೆ, ರಜೆ ಮುಗಿದ ಮೇಲೆ ಒಮ್ಮೆ ನೆನಪಿಸಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಅರ್ಜಿ ಹೋದ ಮೇಲೆ ಪ್ರಿಂಟ್ ಕೇಳಿ ತೆಗೆದುಕೊಂಡು ಹೆಸರು, ಹುಟ್ಟಿದ ದಿನ, ಜಾತಿ ವರ್ಗ, ಆದಾಯ, ಜಿಲ್ಲೆ ಐದನ್ನೂ ಕಣ್ಣಾರೆ ನೋಡಿ.

ಜಿಲ್ಲೆ ಅಂದೆನಲ್ಲ, ಬೆಂಗಳೂರಿನವರಿಗೆ ಅದರದ್ದೇ ಒಂದು ತಲೆನೋವಿದೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಗರಕ್ಕೆ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಅಂತ ಎರಡು ಶೈಕ್ಷಣಿಕ ಜಿಲ್ಲೆಗಳು. ಇದರ ಜೊತೆಗೆ 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದೇ ಹೆಸರಿಟ್ಟರು. ಜಯನಗರದ ಮಗುವಿನ ಅರ್ಜಿಯಲ್ಲಿ ಪಟ್ಟಿಯೊಳಗಿನ ತಪ್ಪು ದಕ್ಷಿಣವನ್ನು ಒತ್ತಿಬಿಟ್ಟರೆ ಪರಿಶೀಲನೆಗೆ ಕಾಗದ ಹೋಗುವ ಕಚೇರಿಯೇ ಬೇರೆಯಾಗುತ್ತದೆ. ಶಾಲೆಗೆ ಇಲಾಖೆ ಕೊಟ್ಟಿರುವ ಗುರುತಿನ ಸಂಖ್ಯೆ, ಅಂದರೆ ಡೈಸ್ ಸಂಖ್ಯೆ, ಯಾವ ಜಿಲ್ಲೆಯದ್ದೋ ಅದನ್ನೇ ಎಲ್ಲ ಕಡೆ ಹಾಕಿ.

ಪರೀಕ್ಷೆಗೆ ತಯಾರಿ

ಎರಡು ಪತ್ರಿಕೆ. ಒಂದು ಸಾಮಾನ್ಯ ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ್ದು. ಪ್ರತಿಯೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಪಾಠದ ಪತ್ರಿಕೆಯಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ಹೆಚ್ಚು ಕಡಿಮೆ ಏಳು ಮತ್ತು ಎಂಟನೇ ಕ್ಲಾಸಿನ ಪುಸ್ತಕದ ಒಳಗೇ ಪ್ರಶ್ನೆಗಳಿರುತ್ತವೆ. ಎರಡೂ ಸೇರಿ ಶೇ 40, ಅಂದರೆ 180ಕ್ಕೆ 72 ಬಂದರೆ ಅರ್ಹತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 32, ಅಂದರೆ 58. ಆದರೆ ಅರ್ಹತೆ ಬೇರೆ, ಆಯ್ಕೆ ಬೇರೆ. ಜಿಲ್ಲೆಯ ಪಾಲು ತುಂಬುವವರೆಗೆ ಮೇಲಿನಿಂದ ಆರಿಸುತ್ತಾರೆ. 72 ಬಂದರೆ ಸಾಕು ಅಂತ ಕೂರಬೇಡಿ.

ಪುಸ್ತಕದ ಪಾಠ ಮಕ್ಕಳು ಹೇಗೋ ನಿಭಾಯಿಸುತ್ತಾರೆ. ಎಡವುವುದು ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ, ಯಾಕೆಂದರೆ ಇದನ್ನು ಕ್ಲಾಸಿನಲ್ಲಿ ಯಾರೂ ಮಾಡಿಸಿರುವುದಿಲ್ಲ. ಸಂಖ್ಯಾ ಸರಣಿ, ಗುಂಪಿಗೆ ಸೇರದ ಪದ, ಸಂಕೇತ ಭಾಷೆ, ದಿಕ್ಕು, ಕನ್ನಡಿಯಲ್ಲಿ ಕಾಣುವ ಆಕೃತಿ, ಮಡಿಸಿದ ಕಾಗದ, ಇಂಥವು. ಒಂದು ಉದಾಹರಣೆ: 2, 6, 12, 20, 30, ಮುಂದಿನದು? ವ್ಯತ್ಯಾಸ 4, 6, 8, 10 ಆಗುತ್ತಿದೆ, ಮುಂದೆ 12, ಹಾಗಾಗಿ 42 ಅಂತ ಒಬ್ಬಳು ಮಾಡುತ್ತಾಳೆ. ಇನ್ನೊಬ್ಬ ಒಂದೆರಡ್ಲ ಎರಡು, ಎರಡ್ಮೂರ್ಲ ಆರು, ಮೂರ್ನಾಕ್ಲ ಹನ್ನೆರಡು ಅಂತ ಮಗ್ಗಿಯ ದಾರಿ ಹಿಡಿದು ಆರೇಳ್ಲ ನಲವತ್ತೆರಡಕ್ಕೆ ಬರುತ್ತಾನೆ. ಎರಡೂ ಸರಿ. ಎರಡು ತಿಂಗಳು ದಿನಕ್ಕೆ ಇಪ್ಪತ್ತು ಪ್ರಶ್ನೆ ಬಿಡಿಸಿದರೆ ಈ ಕಣ್ಣು ತಾನಾಗಿ ಬರುತ್ತದೆ. ದುಬಾರಿ ಗೈಡ್ ಬೇಕಾಗಿಲ್ಲ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಐದಾರು ಸಾಕು. ಕೋಚಿಂಗ್ ಅಂತ ಸಾವಿರಗಟ್ಟಲೆ ಕಟ್ಟುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸ್ಕಾಲರ್‌ಶಿಪ್ಪಿನ ಮೊದಲ ವರ್ಷದ ದುಡ್ಡನ್ನು ಮುಂಗಡವಾಗಿ ಬೇರೆಯವರಿಗೆ ಕೊಟ್ಟ ಹಾಗೆ ಅದು.

ಎರಡು ಮಾತು ಮಗುವಿಗೆ ಹೇಳಿ ಕಳಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ವೃತ್ತವನ್ನೂ ಖಾಲಿ ಬಿಡಬೇಡ. ಒಂದು ಪ್ರಶ್ನೆಗೆ ಒಂದೇ ನಿಮಿಷ ಇರುವುದು, ಸಿಕ್ಕಿಕೊಂಡರೆ ಬಿಟ್ಟು ಮುಂದೆ ಹೋಗು. ಮೊದಲ ರ್‍ಯಾಂಕಿನ ಮಕ್ಕಳಿಗೇ ಈ ಎರಡನೆಯದು ಕಷ್ಟ. ಬಿಟ್ಟು ಹೋಗುವುದು ಅವರಿಗೆ ಅವಮಾನದಂತೆ ಕಾಣುತ್ತದೆ.

ಕಾಗದಪತ್ರ: ದುಡ್ಡು ನಿಲ್ಲುವುದು ಇಲ್ಲೇ

ಪರೀಕ್ಷೆಯಲ್ಲಿ ಆಯ್ಕೆಯಾಗಿಯೂ ನಯಾಪೈಸೆ ಕಾಣದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹತ್ತರಲ್ಲಿ ಎಂಟು ಸಲ ಕಾರಣ ಹೆಸರು.

ನಮ್ಮ ಇನಿಷಿಯಲ್ಲುಗಳ ಪಾಡು ನಿಮಗೆ ಗೊತ್ತೇ ಇದೆ. ಶಾಲಾ ದಾಖಲೆಯಲ್ಲಿ ಕಾವ್ಯ ಎಂ. ಆಧಾರ್‌ನಲ್ಲಿ ಎಂ ಕಾವ್ಯ, ಅಥವಾ ಅಪ್ಪನ ಹೆಸರು ಸೇರಿಸಿ ಕಾವ್ಯ ಮಂಜುನಾಥ್. ಬ್ಯಾಂಕಿನಲ್ಲಿ ಬರೀ ಕಾವ್ಯ. ನಮಗೆ ಮೂರೂ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂರು ಜನ. ಇವನ್ನು ಒಂದು ಮಾಡಬೇಕು. ಯಾವುದನ್ನು ಯಾವುದಕ್ಕೆ ಹೊಂದಿಸುವುದು? ಶಾಲಾ ದಾಖಲೆಯನ್ನು ಬುಡ ಅಂತ ಇಟ್ಟುಕೊಳ್ಳಿ. ಮಕ್ಕಳ ವಿವರ ಇಡುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿರುವ ಹೆಸರೇ ಮುಂದೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಗುವುದು, ಅದು ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ರಾಮಾಯಣ. ಶಾಲೆಯದ್ದೇ ತಪ್ಪಿದ್ದರೆ ಎಂಟು ಒಂಬತ್ತನೇ ಕ್ಲಾಸಿನಲ್ಲೇ ತಿದ್ದಿಸಿ. ಅದು ಸರಿ ಇದ್ದರೆ ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಸೆಂಟರಿನವರು ಟೈಪ್ ಮಾಡಿದ ಮೇಲೆ ಸ್ಲಿಪ್‌ನಲ್ಲಿ ಪ್ರತಿ ಅಕ್ಷರ, ಚುಕ್ಕೆ, ಜಾಗ ನೋಡಿಯೇ ಎದ್ದು ಬನ್ನಿ.

ಆಧಾರ್‌ನದ್ದೇ ಇನ್ನೊಂದು ವಿಷಯ. ಮಗುವಿಗೆ ಹದಿನೈದು ತುಂಬಿದಾಗ ಬೆರಳಚ್ಚು, ಕಣ್ಣು, ಮುಖ ಮತ್ತೆ ಕೊಡಬೇಕು. ಅದು ಸರಿಯಾಗಿ ಹತ್ತನೇ ಕ್ಲಾಸಿನ ಆಸುಪಾಸಿಗೆ ಬೀಳುತ್ತದೆ. ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಈಗ ಮೊಬೈಲಿನಲ್ಲಿ ಮುಖ ತೋರಿಸಿ ನೋಂದಣಿ ಮಾಡಿಸಿಕೊಳ್ಳುತ್ತದೆ. ಐದನೇ ವಯಸ್ಸಿನ ಫೋಟೊ ಇಟ್ಟುಕೊಂಡು ಹದಿನಾರರ ಮುಖ ತೋರಿಸಿದರೆ ಅದು ಹೇಗೆ ಒಪ್ಪೀತು? ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯಲ್ಲಿ ಈ ಕೆಲಸ ಮುಗಿಸಿಬಿಡಿ. ಹದಿನೇಳರ ಒಳಗೆ ಮಾಡಿಸಿದರೆ ಶುಲ್ಕವೂ ಇಲ್ಲ. ಆಧಾರ್‌ಗೆ ಕೊಟ್ಟಿರುವ ಮೊಬೈಲ್ ನಂಬರು ಈಗಲೂ ನಿಮ್ಮ ಕೈಯಲ್ಲಿದೆಯೇ ಅಂತಲೂ ನೋಡಿಕೊಳ್ಳಿ. ಆಫರ್ ಬಂತೆಂದು ಸಿಮ್ ಬದಲಿಸುವ ಅಪ್ಪಂದಿರಿಂದ ಓಟಿಪಿ ಎಲ್ಲಿಗೋ ಹೋಗುತ್ತದೆ.

ಬ್ಯಾಂಕ್ ಖಾತೆ ಮಗುವಿನ ಹೆಸರಲ್ಲಿ ಇರಲಿ. "ಆಧಾರ್ ಲಿಂಕ್ ಆಗಿದೆ" ಅಂತ ಕೌಂಟರಿನವರು ಹೇಳಿದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಖಾತೆಗೆ ಆಧಾರ್ ಸೇರಿಸುವುದು ಒಂದು, ಸರ್ಕಾರದ ಹಣ ಯಾವ ಬ್ಯಾಂಕಿಗೆ ಬರಬೇಕೆಂದು ಬ್ಯಾಂಕುಗಳ ನಡುವೆ ಹಣ ದಾಟಿಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ದಾಖಲಿಸುವುದು ಇನ್ನೊಂದು. ಎರಡನೆಯದಕ್ಕೆ ಆಧಾರ್ ಸೀಡಿಂಗ್ ಅನ್ನುತ್ತಾರೆ. ಅದೇ ಶಬ್ದ ಹೇಳಿ ಕೇಳಿ, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಗಿದೆಯೋ ಇಲ್ಲವೋ ಎಂದು ಮೈ ಆಧಾರ್ ತಾಣದಲ್ಲಿ ನೀವೇ ನೋಡಬಹುದು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಸೀಡ್ ಆಗಿರುತ್ತದೆ, ಕೊನೆಗೆ ಮಾಡಿಸಿದ್ದು ಯಾವುದೋ ಅದು.

ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಎರಡಕ್ಕೂ ನಾಡಕಚೇರಿ. ಬೆಂಗಳೂರು ಒನ್‌ನಲ್ಲೂ ಅರ್ಜಿ ಕೊಡಬಹುದು. ನಮ್ಮ ರಾಜ್ಯದಲ್ಲಿ ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ, ಏಳನೇ ಕ್ಲಾಸಿನಲ್ಲಿ ಮಾಡಿಸಿದ್ದು ಪಿಯುಸಿಗೆ ಬರುವ ಹೊತ್ತಿಗೆ ಮುಗಿಯುವ ಸಂಭವ ಇದೆ, ದಿನಾಂಕ ನೋಡಿ. ಅದರ ಮೇಲಿರುವ ಆರ್‌ಡಿ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಮಗುವಿನ ಸ್ಯಾಟ್ಸ್ ನಂಬರಿನ ಜೊತೆ ಗೋಡೆಗೆ ಅಂಟಿಸಿ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ ಕೇಳುವುದು ಕಾಗದವನ್ನಲ್ಲ, ಈ ನಂಬರುಗಳನ್ನು. ಊರಲ್ಲಿ ಮಾಡಿಸಿದ ಹಳೆಯ ಪ್ರಮಾಣಪತ್ರ, ಇಲ್ಲಿನ ಬಾಡಿಗೆ ಮನೆಯ ವಿಳಾಸ, ರೇಷನ್ ಕಾರ್ಡು ಇನ್ನೊಂದು ಕಡೆ ಅಂತ ಇರುವವರು ಮೊದಲು ಒಂದು ವಿಳಾಸಕ್ಕೆ ಬನ್ನಿ.

ಆಯ್ಕೆಯಾದ ಮೇಲೆ

ಪಟ್ಟಿಯಲ್ಲಿ ಹೆಸರು ಬಂತು, ಶಾಲೆಯಲ್ಲಿ ಚಪ್ಪಾಳೆ ಹೊಡೆದರು, ವಾಟ್ಸಾಪ್ ಸ್ಟೇಟಸ್ ಹಾಕಿದಿರಿ. ಕೆಲಸ ಮುಗಿಯಲಿಲ್ಲ. ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು. ಮೊದಲು ಒಂದು ಸಲದ ನೋಂದಣಿ, ಅದರಲ್ಲಿ 14 ಅಂಕಿಯ ಸಂಖ್ಯೆ ಸಿಗುತ್ತದೆ. ಓದು ಮುಗಿಯುವವರೆಗೂ ಅದೇ ಸಂಖ್ಯೆ, ಕಳೆದುಕೊಳ್ಳಬೇಡಿ. ಅರ್ಜಿಯನ್ನು ಶಾಲೆ ಪರಿಶೀಲಿಸಬೇಕು, ಆಮೇಲೆ ಜಿಲ್ಲಾ ಮಟ್ಟದಲ್ಲಿ ಇನ್ನೊಮ್ಮೆ. ಎರಡೂ ಕಡೆ ಕೊನೆಯ ದಿನಾಂಕ ಇದೆ. ಶಾಲೆಯ ಹಂತದಲ್ಲೇ ಸುಮ್ಮನೆ ಬಿದ್ದಿದ್ದ ಅರ್ಜಿಗಳು ಎಷ್ಟೋ. ಬೇರೊಂದು ಶಾಲೆಯ ಮಗುವಿನ ಅರ್ಜಿ ಹುಡುಕುತ್ತಾ ಹೋದಾಗ, ಪಾಸ್‌ವರ್ಡ್ ಗೊತ್ತಿದ್ದ ಮೇಷ್ಟ್ರು ವರ್ಗವಾಗಿ ಹೋಗಿದ್ದಾರೆ, ಹೊಸಬರಿಗೆ ಲಾಗಿನ್ನೇ ಕೊಟ್ಟಿಲ್ಲ ಅಂತ ಗೊತ್ತಾಯಿತು. ಕೊನೆಯ ದಿನಕ್ಕೆ ನಾಲ್ಕು ದಿನ ಉಳಿದಿತ್ತು. ಬಿಇಒ ಆಫೀಸಿಗೆ ಓಡಾಡಿ ಲಾಗಿನ್ ತೆರೆಸಿದ್ದಾಯಿತು, ಆ ಒಂದೇ ಶಾಲೆಯಲ್ಲಿ ಇನ್ನೂ ಇಬ್ಬರು ಮಕ್ಕಳ ಅರ್ಜಿ ಹಾಗೇ ಕಾಯುತ್ತಿತ್ತು.

ಪ್ರತಿ ವರ್ಷ ನವೀಕರಣ ಇದೆ: ಹತ್ತಕ್ಕೆ, ಫಸ್ಟ್ ಪಿಯುಗೆ, ಸೆಕೆಂಡ್ ಪಿಯುಗೆ. ಒಂಬತ್ತರಿಂದ ಹತ್ತಕ್ಕೆ ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾಗಿರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಶೇ 60 ಬೇಕು, ಅಂದರೆ 625ಕ್ಕೆ 375. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 55, ಅಂದರೆ 344. ಕೇಂದ್ರದ ಬೇರೆ ವಿದ್ಯಾರ್ಥಿವೇತನವನ್ನು ಇದರ ಜೊತೆ ಪಡೆಯುವಂತಿಲ್ಲ, ಎರಡಕ್ಕೂ ಅರ್ಹತೆ ಇದ್ದರೆ ದೊಡ್ಡದನ್ನು ಇಟ್ಟುಕೊಳ್ಳಿ.

ಎಸ್ಸೆಸ್ಸೆಲ್ಸಿ ಆದ ಮೇಲೆ: ಫ್ರೀ ಸೀಟಿನ ಲೆಕ್ಕ

590 ಬಂದಿದೆ ಅಂತ ಗೊತ್ತಾದರೆ ಖಾಸಗಿ ಪಿಯು ಕಾಲೇಜುಗಳವರೇ ಫೋನ್ ಮಾಡುತ್ತಾರೆ. "ಫೀಸ್ ಪೂರ್ತಿ ಫ್ರೀ ಸಾರ್, ಬಂದು ಸೇರಿಸಿ." ಸೇರಿಸಿದ ಮೇಲೆ ಬಸ್ಸು, ಯೂನಿಫಾರ್ಮ್, ಮೆಟೀರಿಯಲ್, ನೀಟ್ ಕೋಚಿಂಗ್ ಅಂತ ಒಂದೊಂದೇ ಚೀಟಿ ಬರುತ್ತದೆ. ಎಲ್ಲ ಕಾಲೇಜೂ ಹಾಗೆ ಅಂತ ನಾನು ಹೇಳುವುದಿಲ್ಲ. ಆದರೆ ಸೇರುವ ಮೊದಲು ಒಂದು ಲೆಕ್ಕ ಹಾಕಿ.

ಎನ್‌ಎಂಎಂಎಸ್ ಮುಂದುವರಿಯಬೇಕಾದರೆ ಪಿಯುಸಿಯೂ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲೇ ಆಗಬೇಕು. ಖಾಸಗಿಗೆ ಹೋದರೆ ಎರಡು ವರ್ಷದ 24,000 ಹೋಯಿತು. ಡಿಪ್ಲೊಮಾ, ಐಟಿಐಗೆ ಹೋದರೂ ನಿಲ್ಲುತ್ತದೆ. ಹೆಣ್ಣುಮಗುವಾದರೆ ಇನ್ನೂ ಒಂದು ಇದೆ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಕರ್ನಾಟಕದಲ್ಲಿ 2025ರಲ್ಲಿ ರಾಜ್ಯ ಸರ್ಕಾರದ ಜೊತೆ ಸೇರಿ ದೀಪಿಕಾ ಎಂಬ ಹೆಸರಿನಲ್ಲಿ ಇದನ್ನು ಶುರು ಮಾಡಿದರು. ಮೂರು ವರ್ಷದ ಪದವಿಗೆ 90,000. ಎರಡನ್ನೂ ಕೂಡಿಸಿದರೆ 1,14,000. "ಫ್ರೀ" ಅಂದ ಸೀಟಿಗೆ ಮಗಳು ತೆರುವ ಬೆಲೆ ಇದು. ಕೋಚಿಂಗ್ ಅಷ್ಟು ಬೆಲೆ ಬಾಳುತ್ತದೆ ಅಂತ ನಿಮಗೆ ಖಾತ್ರಿ ಇದ್ದರೆ ಸೇರಿಸಿ, ಅದು ನಿಮ್ಮ ತೀರ್ಮಾನ. ನನ್ನನ್ನು ಕೇಳಿದರೆ, ಮಲ್ಲೇಶ್ವರ 18ನೇ ಕ್ರಾಸಿನಂಥ ಸರ್ಕಾರಿ ಪಿಯು ಕಾಲೇಜುಗಳು, ನಗರದ ಹಳೆಯ ಅನುದಾನಿತ ಕಾಲೇಜುಗಳು ಇರುವಾಗ ಒಮ್ಮೆ ಅಲ್ಲಿಗೆ ಹೋಗಿ ಉಪನ್ಯಾಸಕರ ಜೊತೆ ಮಾತಾಡದೆ ತೀರ್ಮಾನ ಮಾಡಬೇಡಿ. ದೀಪಿಕಾ ವಿಷಯದಲ್ಲಿ ಮಾತ್ರ ಸರ್ಕಾರಿ ಎಂದರೆ ಸರ್ಕಾರಿಯೇ, ಅದನ್ನು ನೆನಪಿಟ್ಟುಕೊಂಡು ಆರಿಸಿ.

ಎನ್‌ಎಂಎಂಎಸ್ ತಪ್ಪಿಹೋಯಿತು, ಈಗ ಅಂಕ ಬಂದಿದೆ ಅನ್ನುವವರಿಗೂ ಕೆಲವು ದಾರಿ ಇವೆ.

ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಪ್ರೋತ್ಸಾಹಧನ ಇದೆ, ಆಡುಮಾತಿನಲ್ಲಿ ಪ್ರೈಜ್ ಮನಿ. ಎಸ್ಸೆಸ್ಸೆಲ್ಸಿಯನ್ನು ಮೊದಲ ಪ್ರಯತ್ನದಲ್ಲಿ ಶೇ 60ರಿಂದ 74.99ರೊಳಗೆ ಪಾಸಾದರೆ 7,000, ಶೇ 75 ದಾಟಿದರೆ 15,000 ರೂಪಾಯಿ. 625ಕ್ಕೆ 469 ಬಂದರೆ ಶೇ 75 ಆಯಿತು. 468 ಬಂದವರಿಗೆ ಮರುಮೌಲ್ಯಮಾಪನ ಹಾಕಿಸಿ ಅಂತ ನಾನು ಹೇಳುವುದು ಇದಕ್ಕೇ, ಒಂದು ಅಂಕಕ್ಕೆ 8,000 ರೂಪಾಯಿ. ಪಿಯುಸಿಯನ್ನು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಮುಗಿಸಿದರೆ 20,000. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುವ ಪದ್ಧತಿ ಇರುವುದರಿಂದ "ಹೋದರೆ ಪರೀಕ್ಷೆ-2 ಇದೆಯಲ್ಲ" ಅನ್ನುವ ಸಡಿಲು ಮಕ್ಕಳಲ್ಲಿ ಬಂದಿದೆ. ಈ ದುಡ್ಡಿನ ಮಟ್ಟಿಗೆ ಪರೀಕ್ಷೆ-1ರಲ್ಲೇ ಎಲ್ಲ ವಿಷಯ ಪಾಸಾಗಬೇಕು.

ತಂದೆಯೋ ತಾಯಿಯೋ ಕಾರ್ಖಾನೆಯಲ್ಲಿ, ಗಾರ್ಮೆಂಟ್ಸ್‌ನಲ್ಲಿ ಇದ್ದರೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಕೇಳಿ. ವರ್ಷಕ್ಕೊಮ್ಮೆ ಸಂಬಳದಲ್ಲಿ ಸಣ್ಣ ಮೊತ್ತ ಈ ಮಂಡಳಿಗೆ ಕಡಿತವಾಗಿರುತ್ತದೆ, ಬಹಳ ಜನಕ್ಕೆ ಅದು ಯಾಕೆ ಅಂತಲೇ ಗೊತ್ತಿರುವುದಿಲ್ಲ. ಹಿಂದಿನ ತರಗತಿಯಲ್ಲಿ ಶೇ 50, ಪರಿಶಿಷ್ಟರಿಗೆ ಶೇ 45 ಇದ್ದರೆ ಅರ್ಜಿ ಹಾಕಬಹುದು. ಹೈಸ್ಕೂಲಿಗೆ 6,000, ಪಿಯುಸಿಗೆ 8,000. ಆಡಳಿತ ವರ್ಗದವರ ದೃಢೀಕರಣ ಬೇಕು. ಎಚ್‌ಆರ್‌ನವರು ನಾಳೆ ಬನ್ನಿ ಅನ್ನುತ್ತಾರೆ. ಐದಾರು ಜನ ತಾಯಂದಿರು ಸೇರಿ ಒಟ್ಟಿಗೆ ಹೋದರೆ ಅದೇ ದಿನ ಆಗುತ್ತದೆ, ಇದು ಬೊಮ್ಮನಹಳ್ಳಿಯಲ್ಲಿ ಕಂಡದ್ದು.

ಸರ್ಕಾರದ್ದಲ್ಲದ ಒಂದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಸರೋಜಿನಿ ದಾಮೋದರನ್ ಫೌಂಡೇಶನ್ 1999ರಿಂದ ವಿದ್ಯಾಧನ್ ಎಂಬ ವಿದ್ಯಾರ್ಥಿವೇತನ ನಡೆಸುತ್ತಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 90, ಅಂದರೆ 563, ಮತ್ತು ಕುಟುಂಬದ ಆದಾಯ 2 ಲಕ್ಷದೊಳಗೆ ಇರಬೇಕು. ಪರೀಕ್ಷೆ, ಸಂದರ್ಶನ ಎರಡೂ ಉಂಟು. ಸಂದರ್ಶನದಲ್ಲಿ ಮನೆಯ ಕಷ್ಟ ಹೇಳಿಕೊಂಡು ಅಳಬೇಕು ಅಂತ ಯಾರೋ ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ. ದಯವಿಟ್ಟು ಬೇಡ. ಏನು ಓದಬೇಕು, ಯಾಕೆ ಓದಬೇಕು ಅಂತ ನೆಟ್ಟಗೆ ಹೇಳಿದರೆ ಸಾಕು.

ಊರಲ್ಲಿ ಅಪ್ಪನ ಹೆಸರಿಗೆ ಒಂದೆರಡು ಎಕರೆ ಇದ್ದರೆ ರೈತ ವಿದ್ಯಾನಿಧಿ ನೆನಪಿರಲಿ. ಪಿಯುಸಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಮೆರಿಟ್ ಪ್ರಶ್ನೆ ಇಲ್ಲ, ಆದರೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಜಾತಿ ಸಂಘಗಳ ಪ್ರತಿಭಾ ಪುರಸ್ಕಾರಕ್ಕೂ ಮಾರ್ಕ್ಸ್ ಕಾರ್ಡ್ ಕೊಟ್ಟು ಬನ್ನಿ. ಶಾಲು, ಹಾರ, ಎರಡು ಗಂಟೆ ಭಾಷಣ, ಕೊನೆಗೊಂದು ಕವರ್. ಸಣ್ಣದಾದರೂ ಫಸ್ಟ್ ಪಿಯುಸಿ ಪುಸ್ತಕಕ್ಕಾಗುತ್ತದೆ.

ಹಳೆಯ ಗೈಡುಗಳಲ್ಲಿ, ಯೂಟ್ಯೂಬ್ ವಿಡಿಯೊಗಳಲ್ಲಿ ಎನ್‌ಟಿಎಸ್‌ಇ, ಕೆವಿಪಿವೈ ಎಂಬ ಸ್ಕಾಲರ್‌ಶಿಪ್ ಪರೀಕ್ಷೆಗಳ ಹೆಸರು ಈಗಲೂ ಇದೆ. ಎನ್‌ಟಿಎಸ್‌ಇ 2021ರಿಂದ ನಿಂತಿದೆ. ನಮ್ಮ ಐಐಎಸ್ಸಿಯವರೇ ನಡೆಸುತ್ತಿದ್ದ ಕೆವಿಪಿವೈಯನ್ನು 2022ರಲ್ಲಿ ಕೇಂದ್ರದ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿದರು. ಇವಕ್ಕೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ವಾಟ್ಸಾಪಿನಲ್ಲಿ ಬರುವ "ಎಲ್ಲ ವಿದ್ಯಾರ್ಥಿಗಳಿಗೆ 50,000" ಕೊಂಡಿಗಳನ್ನೂ ಒತ್ತಬೇಡಿ. ಸರ್ಕಾರದ ತಾಣವಾದರೆ ವಿಳಾಸದ ಮುಖ್ಯ ಭಾಗ ಜಿಒವಿ ಡಾಟ್ ಇನ್ ಎಂದೇ ಮುಗಿಯುತ್ತದೆ.

ಪಿಯುಸಿ ಮುಗಿದಾಗ

ಇಲ್ಲಿ ಎರಡು. ಪಿಯುಸಿಯಲ್ಲಿ ತನ್ನ ವಿಭಾಗದ ಮೇಲಿನ ಶೇ 20ರೊಳಗೆ ಬಂದು ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಕಾಲೇಜು ವಿದ್ಯಾರ್ಥಿವೇತನ. ಪದವಿಯ ಮೊದಲ ಮೂರು ವರ್ಷ 12,000, ಆಮೇಲೆ ಸ್ನಾತಕೋತ್ತರಕ್ಕೆ 20,000. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಲೆಕ್ಕದಲ್ಲಿ ಹಂಚುತ್ತಾರೆ, ಅರ್ಧ ಹೆಣ್ಣುಮಕ್ಕಳಿಗೆ. ಆರ್ಟ್ಸ್ ತೆಗೆದುಕೊಂಡವರು ತಮಗಿಲ್ಲ ಅಂತ ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿ.

ಇನ್ನೊಂದು ಇನ್‌ಸ್ಪೈರ್. ಬೋರ್ಡಿನ ಮೇಲಿನ ಶೇ 1ರಲ್ಲಿರುವವರು ಮೂಲ ವಿಜ್ಞಾನದಲ್ಲಿ ಬಿಎಸ್ಸಿಗೆ ಸೇರಿದರೆ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ಎಂಜಿನಿಯರಿಂಗ್, ಮೆಡಿಕಲ್‌ಗೆ ಇದು ಇಲ್ಲ. ಬಿಎಸ್ಸಿ ಅಂದರೆ ಮೂಗು ಮುರಿಯುವ ನೆಂಟರಿಗೆ ಈ ಸಂಖ್ಯೆ ಹೇಳಿ.

ದುಡ್ಡು ಬರದಿದ್ದರೆ

ಮೊದಲು ಪೋರ್ಟಲ್‌ನಲ್ಲಿ ಅರ್ಜಿ ಯಾವ ಹಂತದಲ್ಲಿದೆ ನೋಡಿ. ಶಾಲೆಯಲ್ಲಿ ನಿಂತಿದ್ದರೆ ಎಚ್‌ಎಂ, ಜಿಲ್ಲೆಯಲ್ಲಿ ನಿಂತಿದ್ದರೆ ಡಿಡಿಪಿಐ, ಅಂದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ. ವಾಪಸ್ ಬಂದಿದ್ದರೆ ಕಾರಣ ಬರೆದಿರುತ್ತಾರೆ, ತಿದ್ದಿ ಮತ್ತೆ ಕಳಿಸಲು ಗಡುವು ಇರುತ್ತದೆ. ರಾಜ್ಯದ ಯೋಜನೆಯಾದರೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಮಗುವಿನ ಆಧಾರ್ ಹಾಕಿ ಯಾವ ದಿನ, ಯಾವ ಬ್ಯಾಂಕಿಗೆ ಹಣ ಹೋಗಿದೆ ಅಂತ ನೋಡಬಹುದು. ಕಚೇರಿಗೆ ಹೋಗುವಾಗ ಬಾಯಿಮಾತಿಗೆ ಹೋಗಬೇಡಿ. ಅರ್ಜಿ ಸಂಖ್ಯೆ ಬರೆದ ಒಂದು ಪುಟದ ಮನವಿ, ಅದರ ಇನ್ನೊಂದು ಪ್ರತಿಗೆ ಸೀಲು.

ಹಣ ಜಮೆ ಎಂದು ಪೋರ್ಟಲ್ ತೋರಿಸುತ್ತಿದೆ, ಪಾಸ್‌ಬುಕ್ಕಿನಲ್ಲಿ ಇಲ್ಲ ಅಂತಾದರೆ ಸೀಡಿಂಗ್ ಯಾವ ಬ್ಯಾಂಕಿಗಿದೆ ನೋಡಿ. ಹೋದ ವರ್ಷ ಒಬ್ಬ ಹುಡುಗನ ತಾಯಿ ಆರು ತಿಂಗಳು ಬ್ಯಾಂಕಿಗೆ ಅಲೆದಿದ್ದರು, ಇಬ್ಬರು ಮ್ಯಾನೇಜರ್ ಬದಲಾಗಿದ್ದರು. ಆಧಾರ್ ತಾಣದಲ್ಲಿ ನೋಡಿದರೆ ಬೇರೆಯದೇ ಹೆಸರು. ಹುಡುಗ ರಜೆಗೆ ಊರಿಗೆ ಹೋದಾಗ ಅಜ್ಜಿ ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿ ಅಂಚೆ ಬ್ಯಾಂಕಿನಲ್ಲಿ ಖಾತೆ ತೆರೆಸಿದ್ದರಂತೆ, ನೂರು ರೂಪಾಯಿ ಕಟ್ಟಿ. ಅಜ್ಜಿಗೆ ಫೋನ್ ಮಾಡಿಸಿದೆವು. ಮಾರನೇ ದಿನ ಪೋಸ್ಟ್‌ಮ್ಯಾನ್ ನೋಡಿ ಹೇಳಿದರು: 12,100 ಇದೆ.